ಐಡ್ಲಿಂಗ್‌ನಲ್ಲಿ ನಿಂತುಹೋಗುವ ಕಾರು: ಸೆನ್ಸರ್ ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಊರಿಗೊಂದರಂತೆ ಇಲ್ಲ. ಆದುದರಿಂದ ನಮ್ಮ ಮಕ್ಕಳಲ್ಲಿ ಅನೇಕರು ವ್ಯಾನು, ಓಮ್ನಿ, ಹಳೆಯ ಕಾರುಗಳಲ್ಲಿ ದೂರದಿಂದ ಬರುತ್ತಾರೆ. ಇಂತಹ ವಾಹನಗಳ ಕುರಿತು ಪೋಷಕರಿಂದ ನಾವು ಮತ್ತೆ ಮತ್ತೆ ಕೇಳುವ ದೂರು ಒಂದಿದೆ. ಓಡುವಾಗ ಗಾಡಿಗೆ ಏನೂ ತೊಂದರೆಯಿಲ್ಲ. ಶಾಲೆಯ ಗೇಟಿನ ಬಳಿ, ಸಿಗ್ನಲಿನಲ್ಲಿ, ಘಾಟಿಯ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಎಂಜಿನ್ ನಡುಗಿ ನಿಂತುಹೋಗುತ್ತದೆ. ಗ್ಯಾರೇಜಿನಲ್ಲಿ ದೊರೆಯುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಸೆನ್ಸರ್ ಹೋಗಿದೆ.’ ಈ ಮಾತನ್ನು ಮಲಯಾಳದಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ಮರಾಠಿಯಲ್ಲಿ ಅಥವಾ ತೆಲುಗಿನಲ್ಲಿ ಹೇಳಲಿ, ‘ಸೆನ್ಸರ್’ ಎಂಬ ಪದ ಮಾತ್ರ ಬದಲಾಗದು. ಯಾವ ಸೆನ್ಸರ್, ಅದು ಕೆಟ್ಟಿದೆಯೆಂದು ಹೇಗೆ ತಿಳಿಯಿತು ಎಂಬ ಎರಡು ಪ್ರಶ್ನೆಗಳನ್ನು ಕೇಳಲು ತಿಳಿಯದ ಕುಟುಂಬವು ಹಣ ತೆತ್ತು ಹೊಸ ಸೆನ್ಸರ್ ಹಾಕಿಸಿಕೊಂಡು, ಮರುವಾರ ಅದೇ ತೊಂದರೆಯೊಡನೆ ಮರಳಿ ಬರುವುದುಂಟು.

ಆ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಗೆ ಕಂಡುಕೊಳ್ಳಬೇಕೆಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸುತ್ತೇವೆ.

ಐಡ್ಲಿಂಗ್ ಎಂದರೇನು?

ಆಕ್ಸಿಲರೇಟರ್ ತುಳಿಯದೆ ಎಂಜಿನ್ ತನ್ನಷ್ಟಕ್ಕೆ ತಿರುಗುವ ಸ್ಥಿತಿಯೇ ಐಡ್ಲಿಂಗ್. ಬಿಸಿಯಾದ ಪೆಟ್ರೋಲ್ ಎಂಜಿನ್ ಈ ಸ್ಥಿತಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 650ರಿಂದ 900 ಸುತ್ತು ತಿರುಗುತ್ತದೆ. ಆಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಒಳಹೋಗುವ ಗಾಳಿ ಅತ್ಯಲ್ಪ, ಅದಕ್ಕೆ ಸೇರುವ ಪೆಟ್ರೋಲೂ ಅತ್ಯಲ್ಪ.

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಪ್ರತಿ 1 ಗ್ರಾಮಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ ಎಂಜಿನ್ ಎಡವುತ್ತದೆ. ಸಣ್ಣಗೆ ಉರಿಯುವ ಬುಡ್ಡಿದೀಪ ಕಿಟಕಿಯ ಸಂದಿನ ಗಾಳಿಗೂ ಆರಿಹೋಗುತ್ತದೆ. ದೊಡ್ಡ ಉರಿಗೆ ಅದು ಲೆಕ್ಕಕ್ಕಿಲ್ಲ. ಎಂಜಿನ್ನಿನ ವಿಷಯವೂ ಹಾಗೆಯೇ. ವೇಗವಾಗಿ ಓಡುವಾಗ ಗೋಚರಿಸದ ಸಣ್ಣ ಲೋಪ ಐಡ್ಲಿಂಗ್‌ನಲ್ಲಿ ಎಂಜಿನ್ನನ್ನೇ ನಿಲ್ಲಿಸುತ್ತದೆ. ‘ಓಡುವಾಗ ಚೆನ್ನಾಗಿದೆ, ನಿಂತಾಗ ಮಾತ್ರ ಆಫ್ ಆಗುತ್ತದೆ’ ಎಂಬುದರ ಹಿಂದಿನ ಕಾರಣ ಇದು.

ಭಾರತದ ಕಾರುಗಳಲ್ಲಿ 2000ರ ಸುಮಾರಿನವರೆಗೆ ಕಾರ್ಬ್ಯುರೇಟರ್ ರೂಢಿಯಲ್ಲಿತ್ತು. ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿ ಐಡ್ಲಿಂಗ್ ಸರಿಪಡಿಸುತ್ತಿದ್ದ. ಇಂದು ಆ ಕೆಲಸವನ್ನು ಇಸಿಯು ಎಂಬ ಕಂಪ್ಯೂಟರ್ ಮಾಡುತ್ತದೆ. ಅದು ಸೆನ್ಸರ್‌ಗಳ ಮಾತು ಕೇಳಿ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುತ್ತದೆ. ಇಂತಹ ಕಾರಿನಲ್ಲಿ ಥ್ರಾಟಲ್‌ನ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು ರೋಗವನ್ನು ಮುಚ್ಚಿಡುವ ಉಪಾಯವೇ ಹೊರತು ಚಿಕಿತ್ಸೆಯಲ್ಲ.

ಇಂಧನದ ಲೆಕ್ಕದಲ್ಲಿ ಪಾಲುಗೊಳ್ಳುವ ಸೆನ್ಸರ್‌ಗಳು

ಮ್ಯಾಪ್ ಸೆನ್ಸರ್: ಥ್ರಾಟಲ್‌ನ ಆಚೆಗೆ, ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆಯುತ್ತದೆ. ಆ ಒತ್ತಡದಿಂದ ಗಾಳಿಯ ಪ್ರಮಾಣವನ್ನು ಇಸಿಯು ಲೆಕ್ಕಹಾಕುತ್ತದೆ.

ಮಾಫ್ ಸೆನ್ಸರ್: ಏರ್ ಫಿಲ್ಟರಿನ ಬಳಿಕ ಕುಳಿತು, ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುತ್ತದೆ. ಕಾರಿನಲ್ಲಿ ಮ್ಯಾಪ್ ಅಥವಾ ಮಾಫ್ ಇರುತ್ತದೆ. ಕೆಲವದರಲ್ಲಿ ಎರಡೂ ಇರುತ್ತವೆ.

ಕೂಲಂಟ್ ತಾಪಮಾನ ಸೆನ್ಸರ್: ಎಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂದು ತಿಳಿಸುತ್ತದೆ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು.

ಥ್ರಾಟಲ್ ಸ್ಥಾನದ ಸೆನ್ಸರ್: ಬಾಗಿಲು ಎಷ್ಟು ತೆರೆದಿದೆ ಎಂದು ಹೇಳುತ್ತದೆ. ಚಾಲಕ ಕಾಲು ತೆಗೆದಿದ್ದಾನೆ, ಇನ್ನು ಐಡ್ಲಿಂಗ್ ಕಾಯಬೇಕು ಎಂಬುದು ಇಸಿಯುವಿಗೆ ತಿಳಿಯುವುದು ಇದರಿಂದಲೇ.

ಆಮ್ಲಜನಕ ಸೆನ್ಸರ್: ಹೊಗೆಯ ಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಗ್ರಹಿಸಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯೋ ಹೆಚ್ಚೋ ಎಂದು ವರದಿ ಮಾಡುತ್ತದೆ. ಲ್ಯಾಂಬ್ಡಾ ಸೆನ್ಸರ್ ಎಂದೂ ಕರೆಯಲ್ಪಡುವ ಇದನ್ನು ಬಾಷ್ ಸಂಸ್ಥೆ ರೂಪಿಸಿತು; 1976ರಲ್ಲಿ ವೋಲ್ವೋ ಕಾರಿನಲ್ಲಿ ಇದು ಮೊದಲು ಬಳಕೆಗೆ ಬಂತು.

ರೈಲ್ ಒತ್ತಡದ ಸೆನ್ಸರ್: ಡೀಸೆಲ್ ಕಾಮನ್ ರೈಲ್ ಎಂಜಿನ್‌ಗಳಲ್ಲಿಯೂ ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್‌ಗಳಲ್ಲಿಯೂ ಇಂಧನದ ಒತ್ತಡವನ್ನು ಅಳೆಯುತ್ತದೆ.

ಇವುಗಳೊಡನೆ ಟ್ಯಾಂಕಿನೊಳಗಿನ ಮಟ್ಟದ ಸೆನ್ಸರನ್ನು ಬೆರೆಸಬಾರದು. ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳನ್ನು ನಡೆಸುವುದು ಅದು. ಅದು ಕೆಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ. ಟ್ಯಾಂಕು ಬರಿದಾಗಿ ಗಾಡಿ ನಿಲ್ಲಬಹುದು. ಆದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗ ಐಡ್ಲಿಂಗ್‌ನಲ್ಲಿ ಎಂಜಿನ್ ನಿಲ್ಲುವುದಕ್ಕೆ ಅದು ಕಾರಣವಲ್ಲ. ‘ಫ್ಯುಯಲ್ ಸೆನ್ಸರ್’ ಎಂದು ಬಿಲ್ಲಿನಲ್ಲಿ ಬರೆದಿದ್ದರೆ, ಯಾವುದೆಂದು ಮೊದಲು ಕೇಳಬೇಕು.

ಎಂಜಿನ್ ಯಾವಾಗ ನಿಲ್ಲುತ್ತದೆ?

ರೋಗಿಯನ್ನು ಮುಟ್ಟುವ ಮೊದಲು ವೈದ್ಯರು ಪ್ರಶ್ನೆ ಕೇಳುವಂತೆ, ಇಲ್ಲಿಯೂ ಕಾಲವೇ ಮೊದಲ ಸುಳಿವು. ಒಂದು ವಾರ ಟಿಪ್ಪಣಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಳಗಿನ ತಣ್ಣನೆಯ ಎಂಜಿನ್ ಮಾತ್ರ ನಿಂತರೆ ಕೂಲಂಟ್ ತಾಪಮಾನ ಸೆನ್ಸರನ್ನೂ ಥ್ರಾಟಲ್‌ನ ಮಸಿಯನ್ನೂ ಸಂಶಯಿಸಬೇಕು. ಸೆನ್ಸರ್ ಸದಾ ‘ಬಿಸಿ’ ಎಂದು ಹೇಳುತ್ತಿದ್ದರೆ ತಣ್ಣನೆಯ ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಸಿಗದು. ಸದಾ ‘ತಣ್ಣಗೆ’ ಎಂದು ಹೇಳುತ್ತಿದ್ದರೆ ಬಿಸಿಯಾದ ಬಳಿಕ ಪೆಟ್ರೋಲ್ ಹೆಚ್ಚಾಗಿ, ಕಪ್ಪು ಹೊಗೆ ಬಂದು, ಸ್ಪಾರ್ಕ್ ಪ್ಲಗ್ ಮಸಿಗಟ್ಟುತ್ತದೆ.

ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ತಣಿದ ಬಳಿಕವೇ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪ್ ಅಥವಾ ಇಗ್ನಿಷನ್ ಕಾಯಿಲ್ ಕಡೆಗೆ ನೋಡಬೇಕು.

ಪೆಟ್ರೋಲ್ ತುಂಬಿಸಿದೊಡನೆ ಸ್ಟಾರ್ಟ್ ಆಗಲು ತಡವಾಗಿ, ಆಮೇಲೆ ಐಡ್ಲಿಂಗ್ ಎಡವಿದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಎಸಿ ಹಾಕಿದಾಗ ಅಥವಾ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ನಿಂತರೆ, ಹೆಚ್ಚಿದ ಭಾರಕ್ಕೆ ತಕ್ಕ ಗಾಳಿ ದೊರೆಯುತ್ತಿಲ್ಲ. ಥ್ರಾಟಲ್ ಬಾಡಿಯ ಮಸಿ, ಐಡಲ್ ನಿಯಂತ್ರಣ ವಾಲ್ವ್ ಇಲ್ಲಿ ಮೊದಲ ಸಂಶಯಕ್ಕೆ ಪಾತ್ರವಾಗುತ್ತವೆ.

ಬ್ರೇಕ್ ಪೆಡಲ್ ತುಳಿದಾಗ ಐಡ್ಲಿಂಗ್ ಬದಲಾಗಿ, ಬುಸ್ಸೆಂಬ ಸದ್ದು ಕೇಳಿಸಿದರೆ ಬ್ರೇಕ್ ಬೂಸ್ಟರಿನಲ್ಲಿ ಗಾಳಿ ಸೋರುತ್ತಿರಬಹುದು. ಇದು ಬ್ರೇಕಿನ ಪ್ರಶ್ನೆಯೂ ಆದುದರಿಂದ ಅದೇ ದಿನ ತೋರಿಸಬೇಕು, ಮಕ್ಕಳನ್ನು ಕೂರಿಸಬಾರದು.

ಮಳೆಗಾಲದಲ್ಲಿ ಮಾತ್ರ, ಅಥವಾ ಗುಂಡಿಯಲ್ಲಿ ಎತ್ತಿಹಾಕಿದಾಗ ನಿಂತರೆ ವೈರು ಮತ್ತು ಕನೆಕ್ಟರ್‌ಗಳನ್ನು ನೋಡಬೇಕು. ವಯನಾಡು, ನೀಲಗಿರಿಯ ಮಳೆಯಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹತ್ತುವುದೂ, ನಿಲ್ಲಿಸಿಟ್ಟ ಗಾಡಿಯ ವೈರನ್ನು ಇಲಿ ಕಡಿಯುವುದೂ ಅಪರೂಪವಲ್ಲ.

ಬ್ಯಾಟರಿ ಬದಲಿಸಿದ ದಿನದಿಂದ ತೊಂದರೆ ಆರಂಭವಾಗಿದ್ದರೆ ಇಸಿಯು ಕಲಿತಿಟ್ಟಿದ್ದ ಐಡ್ಲಿಂಗ್ ಲೆಕ್ಕ ಅಳಿಸಿಹೋಗಿರಬಹುದು. ಕೆಲವು ಕಾರುಗಳಲ್ಲಿ ಅದನ್ನು ಸ್ಕ್ಯಾನರಿನಿಂದ ಮತ್ತೆ ಕಲಿಸಬೇಕಾಗುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಗಾಡಿಯನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ತಣಿದ ಬಳಿಕ ಈ ಕ್ರಮದಲ್ಲಿ ನೋಡಬಹುದು. ಬೀಡಿ, ಸಿಗರೇಟು, ದೀಪ ಹತ್ತಿರ ಬರಬಾರದು. ಪೆಟ್ರೋಲ್ ವಾಸನೆ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು.

1. ಏರ್ ಫಿಲ್ಟರ್ ತೆಗೆದು ನೋಡಬೇಕು. ಧೂಳು ಕಟ್ಟಿಕೊಂಡಿದ್ದರೆ ಬದಲಿಸಬೇಕು.

2. ಫಿಲ್ಟರಿನಿಂದ ಎಂಜಿನ್‌ವರೆಗಿನ ರಬ್ಬರ್ ಕೊಳವೆಯನ್ನೂ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ಬಗ್ಗಿಸಿ ನೋಡಬೇಕು. ಬಿರುಕು ಮಡಿಕೆಗಳ ನಡುವೆ ಅಡಗಿರುತ್ತದೆ.

3. ಇಗ್ನಿಷನ್ ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡದೆ ಆಲಿಸಬೇಕು. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್‌ಗುಡುವ ಸದ್ದು ಬರುತ್ತದೆ. ಕೆಲವೊಮ್ಮೆ ಬಂದು ಕೆಲವೊಮ್ಮೆ ಬಾರದಿದ್ದರೆ ಪಂಪು, ರಿಲೇ ಅಥವಾ ಅದರ ವೈರಿಂಗ್ ಮೇಲೆ ಸಂಶಯ.

4. ಅದೇ ವೇಳೆ ‘ಚೆಕ್ ಎಂಜಿನ್’ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಬಳಿಕ ಆರಬೇಕು. ಹೊತ್ತದೇ ಇದ್ದರೆ, ದೋಷ ಕಾಣದಂತೆ ದೀಪವನ್ನು ಯಾರೋ ತಪ್ಪಿಸಿರಬಹುದು. ಹಳೆಯ ಗಾಡಿ ಕೊಳ್ಳುವಾಗಲೂ ಇದನ್ನು ಗಮನಿಸಬೇಕು.

5. ಬ್ಯಾಟರಿಯ ತುದಿಗಳು ಬಿಗಿಯಾಗಿವೆಯೇ, ಎಂಜಿನ್ನಿನ ಅರ್ಥ್ ವೈರು ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಅರ್ಥ್ ಸರಿಯಿಲ್ಲದಿದ್ದರೆ ಒಳ್ಳೆಯ ಸೆನ್ಸರ್‌ಗಳೂ ತಪ್ಪು ಲೆಕ್ಕ ಕೊಡುತ್ತವೆ.

ಥ್ರಾಟಲ್ ಬಾಡಿಯ ಮಸಿಯನ್ನು ತಕ್ಕ ಕ್ಲೀನರಿನಿಂದ ತೆಗೆಸುವುದು ಮುಂದಿನ ಹೆಜ್ಜೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ಕೀಲಿ ಆನ್ ಇರುವಾಗ ಬಾಗಿಲಿಗೆ ಬೆರಳು ಹಾಕಬಾರದು. ಅದು ತಾನಾಗಿ ಮುಚ್ಚಿಕೊಂಡು ಗಾಯ ಮಾಡಬಲ್ಲುದು. ಮಾಫ್ ಸೆನ್ಸರಿನ ತಂತಿ ಅತಿ ಸೂಕ್ಷ್ಮವಾದುದು. ಅದನ್ನು ಅದಕ್ಕಾಗಿಯೇ ಇರುವ ಕ್ಲೀನರಿನಿಂದ ತೊಳೆಯಬೇಕು, ಬಟ್ಟೆಯಿಂದ ಒರೆಸಬಾರದು.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಷ್ಟಾದರೂ ತೊಂದರೆ ಉಳಿದರೆ ಸ್ಕ್ಯಾನರ್ ಬೇಕು. ಸ್ಟಿಯರಿಂಗ್ ಕೆಳಭಾಗದಲ್ಲಿರುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಅದನ್ನು ಜೋಡಿಸುತ್ತಾರೆ. ಕೆಲವು ಸಾಮಾನ್ಯ ಕೋಡ್‌ಗಳು ಹೀಗಿವೆ:

ಪಿ 0171: ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ.
ಪಿ 0172: ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು.
ಪಿ 0100ರಿಂದ ಪಿ 0104: ಮಾಫ್.
ಪಿ 0105ರಿಂದ ಪಿ 0109: ಮ್ಯಾಪ್.
ಪಿ 0115ರಿಂದ ಪಿ 0119: ಕೂಲಂಟ್ ತಾಪಮಾನ.
ಪಿ 0120ರಿಂದ ಪಿ 0124: ಥ್ರಾಟಲ್ ಸ್ಥಾನ.
ಪಿ 0130ರಿಂದ ಪಿ 0135: ಮೊದಲ ಆಮ್ಲಜನಕ ಸೆನ್ಸರ್ ಮತ್ತು ಅದರ ಹೀಟರ್.
ಪಿ 0190ರಿಂದ ಪಿ 0194: ರೈಲ್ ಒತ್ತಡ.
ಪಿ 0335: ಕ್ರ್ಯಾಂಕ್ ಸೆನ್ಸರ್.

ಕೋಡ್ ಎಂಬುದು ದೂರು, ತೀರ್ಪಲ್ಲ. ಪಿ 0171 ಕಂಡೊಡನೆ ಆಮ್ಲಜನಕ ಸೆನ್ಸರ್ ಬದಲಿಸುವವರುಂಟು. ಆದರೆ ಪೆಟ್ರೋಲ್ ಕಡಿಮೆಯಾಗಿದೆಯೆಂದು ನಿಜ ಹೇಳಿದ್ದೇ ಆ ಸೆನ್ಸರ್ ಆಗಿರಬಹುದು. ಕಾರಣ ಒಡೆದ ಪೈಪಿನಲ್ಲೋ, ಕಟ್ಟಿಕೊಂಡ ಫಿಲ್ಟರಿನಲ್ಲೋ, ಸೋತ ಪಂಪಿನಲ್ಲೋ ಇರಬಹುದು. ಅಲ್ಲದೆ, ಆಮ್ಲಜನಕ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಕೆಲಸಕ್ಕೇ ಬಾರದು. ಅಲ್ಲಿಯವರೆಗೆ ಎಂಜಿನ್ ಅದರ ನೆರವಿಲ್ಲದೆಯೇ ನಡೆಯುತ್ತದೆ. ಅದೊಂದರಿಂದಲೇ ಎಂಜಿನ್ ನಿಂತುಹೋಗುವುದು ವಿರಳ.

ಕೋಡನ್ನು ಅಳಿಸುವ ಮೊದಲು ‘ಫ್ರೀಜ್ ಫ್ರೇಮ್’ ಓದಿಸಿ ಫೋಟೋ ತೆಗೆದುಕೊಳ್ಳಬೇಕು. ದೋಷ ದಾಖಲಾದ ಕ್ಷಣದ ವೇಗ, ತಾಪ, ಆರ್‌ಪಿಎಂ ಅದರಲ್ಲಿ ಉಳಿದಿರುತ್ತವೆ. ಅಳಿಸಿದರೆ ಆ ಸುಳಿವೂ ಅಳಿಯುತ್ತದೆ.

ಮುಂದೆ ನೋಡಬೇಕಾದುದು ‘ಫ್ಯುಯಲ್ ಟ್ರಿಮ್.’ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಇಸಿಯು ಕೊಡುತ್ತಿದೆ ಎಂಬುದನ್ನು ಇದು ತೋರಿಸುತ್ತದೆ. ಪ್ಲಸ್ ಅಥವಾ ಮೈನಸ್ 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಮಾಫ್ ಇರುವ ಕಾರುಗಳಲ್ಲಿ ಈ ಗುರುತು ಬಹಳ ಸ್ಪಷ್ಟ. ಮ್ಯಾಪ್ ಮಾತ್ರ ಇರುವ ಕಾರಿನಲ್ಲಿ ಸೋರಿದ ಗಾಳಿಯೂ ಒತ್ತಡದ ಲೆಕ್ಕದಲ್ಲಿ ಸೇರುವುದರಿಂದ ಐಡ್ಲಿಂಗ್ ಏರುವುದೇ ಹೆಚ್ಚು. ಭಾರ ಹೆಚ್ಚಿದಂತೆ ಟ್ರಿಮ್ ಕೂಡ ಪ್ಲಸ್ಸಿನತ್ತ ಏರಿದರೆ ಪಂಪು, ಫಿಲ್ಟರ್ ಅಥವಾ ಮಸುಕಾದ ಮಾಫ್ ಸೆನ್ಸರನ್ನು ನೋಡಬೇಕು. ಐಡ್ಲಿಂಗ್‌ನಲ್ಲಿ ಬಹಳ ಮೈನಸ್ ಇದ್ದರೆ ಸೋರುವ ಇಂಜೆಕ್ಟರ್ ಅಥವಾ ತೆರೆದುಳಿದ ಪರ್ಜ್ ವಾಲ್ವ್ ಕಾರಣವಿರಬಹುದು.

ಊರಿನ ಎತ್ತರವೇ ಅಳತೆಗೋಲು

ಮ್ಯಾಪ್ ಸೆನ್ಸರಿಗೆ ಸೊಗಸಾದ, ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ನಿಂತಿರುವಾಗ ಕೀಲಿ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಅದರ ಓದನ್ನು ನೋಡಬೇಕು. ಆಗ ಮ್ಯಾನಿಫೋಲ್ಡಿನೊಳಗೂ ಹೊರಗಿನ ವಾಯುಮಂಡಲದ ಒತ್ತಡವೇ ಇರುವುದರಿಂದ, ಓದು ಊರಿನ ಒತ್ತಡಕ್ಕೆ ಸಮನಾಗಬೇಕು. ಕಡಲ ಮಟ್ಟದ ಕಾಸರಗೋಡಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ಸೊಲ್ಲಾಪುರದಲ್ಲಿ ಸುಮಾರು 96, ಹೊಸೂರಿನಲ್ಲಿ ಸುಮಾರು 91, ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿ ಸುಮಾರು 77. ಊಟಿಯಲ್ಲಿ ನಿಂತ ಕಾರು 77 ತೋರಿಸಿದರೆ ಸೆನ್ಸರ್ ಸರಿಯಾಗಿಯೇ ಇದೆ. ಕಾಸರಗೋಡಿನಲ್ಲಿ ಅದೇ ಅಂಕಿ ಬಂದರೆ ದೋಷವಿದೆ. ಬಳಿಕ ಸ್ಟಾರ್ಟ್ ಮಾಡಿದಾಗ, ಕಡಲ ಮಟ್ಟದ ಊರಿನಲ್ಲಿ ಐಡ್ಲಿಂಗ್‌ನ ಓದು ಸಾಮಾನ್ಯವಾಗಿ 30ರಿಂದ 40ರ ಸುಮಾರಿಗೆ ಇಳಿಯಬೇಕು.

ಕೂಲಂಟ್ ಸೆನ್ಸರಿಗೂ ಇದೇ ಬಗೆಯ ಪರೀಕ್ಷೆಯುಂಟು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಕೂಲಂಟಿನ ತಾಪವೂ ಒಳಹೋಗುವ ಗಾಳಿಯ ತಾಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 24 ಡಿಗ್ರಿ, ಇನ್ನೊಂದು 60 ಡಿಗ್ರಿ ತೋರಿಸಿದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

ಮಲ್ಟಿಮೀಟರ್ ಹಿಡಿದು

ಪ್ರೌಢಶಾಲೆಯಲ್ಲಿ ಓಮ್ ನಿಯಮ ಓದಿದ ಮಕ್ಕಳಿಗೆ ಇಲ್ಲಿ ಒಳ್ಳೆಯ ಪ್ರಯೋಗಪಾಠವಿದೆ. ಮ್ಯಾಪ್ ಮತ್ತು ಥ್ರಾಟಲ್ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ ಮೂರು ವೈರುಗಳು: ಇಸಿಯುವಿನಿಂದ ಬರುವ 5 ವೋಲ್ಟ್, ಅರ್ಥ್, ಮತ್ತು ಸಿಗ್ನಲ್. ಸೆನ್ಸರಿಗೆ 5 ವೋಲ್ಟ್ ತಲುಪದಿದ್ದರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ, ದೋಷ ವೈರಿನಲ್ಲಿದೆ. ಥ್ರಾಟಲ್ ಸೆನ್ಸರಿನ ಸಿಗ್ನಲ್ ಅನೇಕ ಹಳೆಯ ಕಾರುಗಳಲ್ಲಿ ಬಾಗಿಲು ಮುಚ್ಚಿದಾಗ ಸುಮಾರು 0.5 ವೋಲ್ಟ್, ಪೂರ್ಣ ತೆರೆದಾಗ ಸುಮಾರು 4.5 ವೋಲ್ಟ್. ನಡುವೆ ಅದು ಜಿಗಿಯದೆ, ಬೀಳದೆ ನುಣುಪಾಗಿ ಏರಬೇಕು. ಕೂಲಂಟ್ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಸಾವಿರ ಓಮ್ ಇರುವುದು 80 ಡಿಗ್ರಿಯಲ್ಲಿ 300 ಓಮಿನ ಸುಮಾರಿಗೆ ಬರುತ್ತದೆ. ನಿಖರ ಅಂಕಿಗಳಿಗೆ ಆಯಾ ಕಾರಿನ ಸರ್ವಿಸ್ ಕೈಪಿಡಿಯೇ ಪ್ರಮಾಣ.

ಡೀಸೆಲ್ ಮತ್ತು ಎಥನಾಲ್

ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ರೈಲ್ ಒತ್ತಡದ ಸೆನ್ಸರ್ ಸುಳ್ಳು ಹೇಳಿದರೆ ಐಡ್ಲಿಂಗ್ ಏರಿಳಿದು ನಿಂತುಹೋಗುತ್ತದೆ. ಆದರೆ ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಪಂಪಿನ ನಿಯಂತ್ರಣ ವಾಲ್ವಿನ ದೋಷ ಇವೂ ಅದೇ ಲಕ್ಷಣ ತೋರಿಸುತ್ತವೆ. ಮೊದಲು ಫಿಲ್ಟರಿನ ನೀರು ಹೊರಬಿಡಿಸಬೇಕು. ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ರೈಲಿನ ಒತ್ತಡ 1000 ಬಾರ್ ಮೀರಬಲ್ಲುದು. ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬಾರದು. ಡೀಸೆಲಿನ ಎಳೆ ಚರ್ಮವನ್ನು ಸೀಳಿ ಒಳಹೊಕ್ಕು ಗಂಭೀರ ಗಾಯ ಮಾಡುತ್ತದೆ. ಮನೆಯಲ್ಲಿ ಈ ಕೊಳವೆಗಳ ನಟ್ಟು ಸಡಿಲಿಸಲೇಬಾರದು.

ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಇಂಧನದ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಕಾರಿನಲ್ಲಿ ಟ್ರಿಮ್ ತುಸು ಪ್ಲಸ್ ಆಗುವುದು ಇದರಿಂದಲೇ ಇರಬಹುದು. ಅಷ್ಟರಿಂದ ಸೆನ್ಸರ್ ಕೆಟ್ಟಿದೆಯೆನ್ನಲಾಗದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ರಜೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ತೊಂದರೆಗೆ ಟ್ಯಾಂಕಿನ ನೀರೂ ಕಾರಣವಿರಬಹುದು.

ನಡುರಸ್ತೆಯಲ್ಲಿ ನಿಂತರೆ

ಎಂಜಿನ್ ನಿಂತೊಡನೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಒತ್ತಿಗಷ್ಟೇ ಸಾಕು. ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಬ್ರೇಕ್ ಆಗ ಇಲ್ಲವಾಗಿರುವುದಿಲ್ಲ, ಆದರೆ ಬಹಳ ಬಲವಾಗಿ ತುಳಿಯಬೇಕಾಗುತ್ತದೆ. ಆದುದರಿಂದ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ, ಒಂದೇ ಸಲ ಒತ್ತಿ ಹಿಡಿದು ಗಾಡಿಯನ್ನು ಬದಿಗೆ ತರಬೇಕು. ಚಲಿಸುತ್ತಿರುವಾಗ ಕೀಲಿಯನ್ನು ಹೊರತೆಗೆಯಬಾರದು; ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ. ನಿಂತ ಬಳಿಕ ಹಜಾರ್ಡ್ ದೀಪ ಹಾಕಿ, ಮಕ್ಕಳನ್ನು ರಸ್ತೆಯ ಕಡೆಗಲ್ಲದ ಬಾಗಿಲಿನಿಂದ ಇಳಿಸಿ ದೂರ ನಿಲ್ಲಿಸಬೇಕು.

ಐಡ್ಲಿಂಗ್‌ನಲ್ಲಿ ನಿಲ್ಲುವ ಗಾಡಿಯನ್ನು ದುರಸ್ತಿಯಾಗುವವರೆಗೆ ಘಾಟಿ ರಸ್ತೆಗೆ ತೆಗೆದುಕೊಂಡು ಹೋಗಬಾರದು, ಶಾಲೆಯ ಮಕ್ಕಳನ್ನು ಅದರಲ್ಲಿ ಕಳಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ದಿನದ ಹಾಜರಿಗಿಂತ ಮಗು ದೊಡ್ಡದು.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಗೌರವದಿಂದ ಕೇಳಿದರೆ ಅವರ ಅನುಭವವೂ ನಮಗೆ ದೊರೆಯುತ್ತದೆ.

1. ಯಾವ ಕೋಡ್ ಬಂತು? ಫ್ರೀಜ್ ಫ್ರೇಮ್ ತೋರಿಸುವಿರಾ?
2. ಐಡ್ಲಿಂಗ್‌ನಲ್ಲಿ ಮತ್ತು 2500 ಆರ್‌ಪಿಎಂನಲ್ಲಿ ಟ್ರಿಮ್ ಎಷ್ಟು?
3. ಗಾಳಿ ಸೋರಿಕೆ, ಥ್ರಾಟಲ್ ಮಸಿ, ವೈರು, ಕನೆಕ್ಟರ್ ನೋಡಿದ್ದೀರಾ?
4. ಪೆಟ್ರೋಲಿನ ಒತ್ತಡವನ್ನು ಗೇಜ್ ಹಾಕಿ ಅಳೆದಿರಾ?
5. ಸೆನ್ಸರ್ ಕೆಟ್ಟಿದೆಯೆಂದು ಯಾವ ಅಳತೆಯಿಂದ ಗೊತ್ತಾಯಿತು?
6. ತೆಗೆದ ಹಳೆಯ ಸೆನ್ಸರನ್ನು ನಮಗೆ ಕೊಡುವಿರಾ?

ಐದನೆಯ ಪ್ರಶ್ನೆಗೆ ಒಂದು ಅಂಕಿಯ ರೂಪದಲ್ಲಿ ಉತ್ತರ ಬಂದರೆ ಸೆನ್ಸರನ್ನು ನಿಶ್ಚಿಂತೆಯಿಂದ ಬದಲಿಸಬಹುದು. ‘ಬದಲಿಸಿ ನೋಡೋಣ’ ಎಂಬ ಉತ್ತರ ಬಂದರೆ, ಹಣ ಕೊಡುವ ಮೊದಲು ಇನ್ನೊಂದು ಕಡೆ ತೋರಿಸುವುದು ಲೇಸು. ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲಿಯೇ ಇಟ್ಟುಕೊಳ್ಳಬೇಕೆಂದು ಪೋಷಕರನ್ನೂ ವಾಹನ ಚಾಲಕರನ್ನೂ ಕೋರುತ್ತೇವೆ.